ಹೊರಡುವವರಿಗೂ ಒಂದು ಗೋಡೆ

ಕಳೆದ ವಾರ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ಕಿವಿಗೆ ಬಿದ್ದ ಮಾತು. ಮಗ ಫ್ರಾಂಕ್‌ಫರ್ಟಿಗೆ ಹೊರಟಿದ್ದ, ತಾಯಿ ದೆಹಲಿಗೆ. ವಿದೇಶಕ್ಕೆ ಹೊರಟವರ ಲಾಂಜು ಬೇರೆ, ದೇಶದೊಳಗೆ ಹಾರುವವರದು ಬೇರೆ, ನಡುವೆ ಗೋಡೆ. "ಇಬ್ಬರ ಹತ್ರಾನೂ ಟಿಕೆಟ್ ಇದೆ, ಇಬ್ಬರೂ ಒಳಗೇ ಹೋಗೋರು. ಒಂದರ್ಧ ಗಂಟೆ ಜೊತೆಗೆ ಕೂತ್ರೆ ಯಾರಪ್ಪನ ಮನೆ ಗಂಟು ಹೋಗುತ್ತೆ?" ಎಂದು ಆಕೆ ಕೇಳಿದರು. "ಸೆಕ್ಯುರಿಟಿ, ಅಮ್ಮಾ" ಎಂದ ಅಲ್ಲಿದ್ದ ಹುಡುಗ.

ಈ ಉತ್ತರ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆಂಬುದು ಹಳೆಯ ಓದುಗರಿಗೆ ಗೊತ್ತೇ ಇದೆ. ಕೇಳಿದವರ ಬಾಯಿ ಮುಚ್ಚಿಸಲು ಇಷ್ಟು ಅಗ್ಗದ ಮಾತು ಇನ್ನೊಂದಿಲ್ಲ. ದೆಹಲಿಯ ಪ್ರಯಾಣಿಕನ ಬೆಲ್ಟನ್ನೂ ಫ್ರಾಂಕ್‌ಫರ್ಟಿನವನ ಬೆಲ್ಟನ್ನೂ ಬಿಚ್ಚಿಸುವುದು ಅದೇ ಸಿಐಎಸ್‌ಎಫ್. ಬಾಂಬಿಗೆ ಸ್ವದೇಶ ವಿದೇಶ ಎಂಬ ಭೇದವಿಲ್ಲ.

ಹೊರಗಿನಿಂದ ಬಂದಿಳಿದವರನ್ನು ಬೇರೆ ಇಡುವುದು ಅರ್ಥವಾಗುತ್ತದೆ. ಹೊರಡುವವನು ಈಗಷ್ಟೇ ಹೆಬ್ಬಾಳದ ಫ್ಲೈಓವರ್ ದಾಟಿ ಬಂದವನು. ಅವನಿಂದ ಏನು ಭಯ? ತೊಡಕು ಇಷ್ಟೇ: ವಿದೇಶಕ್ಕೆ ಹೊರಟವರ ಲಾಂಜಿನಲ್ಲಿ ಕೂತವರೆಲ್ಲ ಹೆಬ್ಬಾಳದ ಕಡೆಯಿಂದ ಬಂದವರಲ್ಲ. ಇನ್ನೊಂದು ದೇಶದಿಂದ ಬಂದು ಮೂರನೆಯ ದೇಶದ ವಿಮಾನಕ್ಕೆ ಕಾಯುವ ಟ್ರಾನ್ಸಿಟ್ ಪ್ರಯಾಣಿಕರೂ ಇರುತ್ತಾರೆ. ಅವರಲ್ಲೊಬ್ಬ ದೇಶದೊಳಗೇ ಹಾರುವ ಗೆಳೆಯನೊಂದಿಗೆ ಬೋರ್ಡಿಂಗ್ ಪಾಸ್ ಬದಲಾಯಿಸಿಕೊಂಡರೆ, ಇಮಿಗ್ರೇಷನ್ ಅಧಿಕಾರಿಯ ಮುಖವನ್ನೇ ನೋಡದೆ ಒಳನಾಡಿನ ಊರೊಂದರಲ್ಲಿ ಇಳಿದುಬಿಡಬಹುದು.

ಲಂಡನ್ನಿನ ಹೀಥ್ರೋ ಐದನೇ ಟರ್ಮಿನಲ್ 2008ರಲ್ಲಿ ಶುರುವಾದಾಗ ಗೋಡೆ ಬೇಡ, ಎಲ್ಲರೂ ಒಂದೇ ಲಾಂಜಿನಲ್ಲಿ ಕೂರಲಿ ಎಂದುಕೊಂಡರು. ಈ ಅದಲುಬದಲು ತಡೆಯಲು ಬೆರಳಚ್ಚು ಪಡೆಯುವ ಯೋಜನೆಯಿತ್ತು. ಖಾಸಗಿತನದ ಪ್ರಶ್ನೆ ಎದ್ದು ಕೊನೆ ಗಳಿಗೆಯಲ್ಲಿ ಅದನ್ನು ಕೈಬಿಟ್ಟರು. ಬದಲಿಗೆ ಗ್ಲಾಸ್ಗೋಗೆ ಹೋಗುವವನ ಫೋಟೊ ತೆಗೆದಿಟ್ಟುಕೊಂಡು, ಗೇಟಿನಲ್ಲಿ ಮುಖ ತಾಳೆ ನೋಡುವ ಏರ್ಪಾಡು ಬಂತು. ಅಮೆರಿಕದವರದು ಇನ್ನೂ ನೇರ ದಾರಿ. ಹೊರಗಿನಿಂದ ಬಂದವನು ಮುಂದೆ ಎಲ್ಲಿಗೇ ಹೋಗಲಿ, ಮೊದಲು ಇಮಿಗ್ರೇಷನ್ ದಾಟಲೇಬೇಕು. ಹಾಗಾಗಿ ಅಲ್ಲಿ ಷಿಕಾಗೋ ಪ್ರಯಾಣಿಕನೂ ಟೋಕಿಯೋ ಪ್ರಯಾಣಿಕನೂ ಅಕ್ಕಪಕ್ಕ ಕೂತು ಕಾಫಿ ಕುಡಿಯುತ್ತಾರೆ. ಡ್ಯೂಟಿ ಫ್ರೀ ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಬಾಟಲಿ ಅಲ್ಲೇ ಕೈಗೆ ಸಿಗುವುದಿಲ್ಲ. ವಿಮಾನ ಹತ್ತುವ ಬಾಗಿಲಲ್ಲಿ ಕೊಡುತ್ತಾರೆ.

ಬಾಟಲಿಯ ಮಾತು ಬಂತಲ್ಲ, ಈ ಗೋಡೆ ಸುಂಕದ ವಿಷಯವೂ ಹೌದು. ದುಬೈಯಿಂದ ಬಂದ ವಿಮಾನ ಮುಂದಿನ ಹಂತದಲ್ಲಿ ದೇಶದೊಳಗೇ ಹಾರುವುದಾದರೆ, ಒಬ್ಬ ಸೀಟಿನಡಿ ಚಿನ್ನ ಅಂಟಿಸಿ ಬರಿಗೈಲಿ ಇಳಿಯುತ್ತಾನೆ. ಮುಂದಿನ ಊರಿಗೆ ಟಿಕೆಟ್ ಪಡೆದು ಹತ್ತಿದ ಇನ್ನೊಬ್ಬ ಅದನ್ನು ಕಿತ್ತುಕೊಂಡು ಸ್ವದೇಶಿ ಬಾಗಿಲಿಂದ ಹೊರನಡೆಯುತ್ತಾನೆ. ಕಸ್ಟಮ್ಸಿನವರು ಇಂಥವರನ್ನು ಎಷ್ಟೋ ಸಲ ಹಿಡಿದಿದ್ದಾರೆ.

ಸುಂಕ ಎಂದ ಮೇಲೆ ಕೌಟಿಲ್ಯನನ್ನು ಬಿಟ್ಟು ಮುಂದೆ ಹೋಗಲು ನನ್ನಿಂದಾಗದು. ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಮೈಸೂರಿನ ಆರ್. ಶಾಮಾಶಾಸ್ತ್ರಿಗಳು ಎಂಬುದನ್ನು ಇಲ್ಲಿ ಎಷ್ಟನೆಯ ಸಲ ಹೇಳುತ್ತಿದ್ದೇನೋ! ಊರಿನ ಹೆಬ್ಬಾಗಿಲ ಬಳಿ ಶುಲ್ಕಶಾಲೆ, ಅದರ ಮೇಲೊಂದು ಬಾವುಟ. ನಾಲ್ಕೈದು ಜನ ಕೂತು ಬರೆದುಕೊಳ್ಳಬೇಕು: ವರ್ತಕ ಯಾರು, ಎಲ್ಲಿಂದ ಬಂದ, ಸರಕೆಷ್ಟು, ಮುದ್ರೆ ಎಲ್ಲಿ ಬಿತ್ತು. ಮುದ್ರೆಯಿಲ್ಲದ ಸರಕಿಗೆ ಎರಡರಷ್ಟು ಸುಂಕ, ಕಳ್ಳಮುದ್ರೆಗೆ ಎಂಟರಷ್ಟು. ಆಮದಿಗೆ ಸಾಮಾನ್ಯವಾಗಿ ಬೆಲೆಯ ಐದನೇ ಒಂದು ಪಾಲು. ಮದುವೆಯ ಸಾಮಾನಿಗೆ, ಬಾಣಂತನದ ಸಾಮಾನಿಗೆ ಸುಂಕವಿಲ್ಲ. ಆದರೆ ಮದುವೆಯದೆಂದು ಸುಳ್ಳು ಹೇಳಿದವನಿಗೆ ಕಳ್ಳನ ಶಿಕ್ಷೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎನ್ನುತ್ತೇವೆ; ಕೌಟಿಲ್ಯನ ಸುಂಕದವನು ಒಂದಿಷ್ಟಾದರೂ ಕೇಳಿಸಿಕೊಳ್ಳುತ್ತಿದ್ದ.

ಅದೇ ಹುರುಪಿನಲ್ಲಿ ಪುಟ ತಿರುಗಿಸಿ, ಓಡಾಡುವ ಜನರಿಗೆ ರಹದಾರಿಯ ಮುದ್ರೆ ಕೊಡುವ ಮುದ್ರಾಧ್ಯಕ್ಷನ ಅಧ್ಯಾಯಕ್ಕೆ ಬಂದೆ. ಒಂದು ಮಾಷ ಕೊಟ್ಟು ಮುದ್ರೆ ಪಡೆದವನು ನಾಡಿನೊಳಗೆ ಬರಬಹುದು, ನಾಡಿನಿಂದ ಹೋಗಬಹುದು. ಮುದ್ರೆಯಿಲ್ಲದೆ ಓಡಾಡಿದ ನಾಡಿಗನಿಗೆ ಹನ್ನೆರಡು ಪಣ ದಂಡ. ಬರುವುದಕ್ಕೆ ಸರಿ, ಹೋಗುವುದಕ್ಕೂ ಏಕೆ? ಆ ತಾಯಿಯ ಪ್ರಶ್ನೆಯನ್ನು ನಾನು ಇಷ್ಟು ಹೊತ್ತು ಗೋಡೆಯ ಪ್ರಶ್ನೆ ಎಂದೇ ಎಣಿಸಿದ್ದೆ. ಗೋಡೆಗೆ ಟ್ರಾನ್ಸಿಟ್, ಚಿನ್ನ ಏನೋ ಒಂದು ಸಮಾಧಾನವಿದೆ. ಗೋಡೆಯ ಬಾಯಲ್ಲಿ ಒಂದು ಕೌಂಟರ್ ಇದೆಯಲ್ಲ, ನಮ್ಮ ಪಾಸ್‌ಪೋರ್ಟಿಗೆ ನಮ್ಮದೇ ದೇಶ ನಿರ್ಗಮನದ ಠಸ್ಸೆ ಒತ್ತುವ ಕೌಂಟರ್, ಅದು ಏಕೆ? ಅಮೆರಿಕದಲ್ಲಿ ಅಂಥದೊಂದು ಇಲ್ಲ. ಹೊರಟವರ ಪಟ್ಟಿಯನ್ನು ವಿಮಾನ ಕಂಪನಿಯೇ ಸರ್ಕಾರಕ್ಕೆ ಕಳಿಸುತ್ತದೆ.

ನಮ್ಮಲ್ಲಿ ಇದರ ಬೇರು ಹಳೆಯದು. 1837ರ ಕಾನೂನಿನಂತೆ ಕಡಲಾಚೆಯ ತೋಟಗಳಿಗೆ ಹೊರಟ ಕೂಲಿಯನ್ನು ಏಜೆಂಟ್ ಅಧಿಕಾರಿಯ ಎದುರು ನಿಲ್ಲಿಸಿ ಕರಾರು ತೋರಿಸಬೇಕಿತ್ತು. ಸ್ವಾತಂತ್ರ್ಯ ಬಂದ ಮೇಲೂ ಪಾಸ್‌ಪೋರ್ಟ್ ಎಂಬುದು ಸರ್ಕಾರದ ಕೃಪೆಯಾಗಿಯೇ ಇತ್ತು. ವಿದೇಶ ಪ್ರಯಾಣವೂ ವ್ಯಕ್ತಿ ಸ್ವಾತಂತ್ರ್ಯದ ಭಾಗವೇ ಎಂದು 1967ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. ಪಾಸ್‌ಪೋರ್ಟ್ ಕಿತ್ತುಕೊಳ್ಳುವ ಕ್ರಮ ನ್ಯಾಯವಾಗಿರಬೇಕು ಎಂದು ಕೋರ್ಟ್ ಹೇಳಿದ್ದು 1978ರಲ್ಲಿ, ಮೇನಕಾ ಗಾಂಧಿ ಪ್ರಕರಣದಲ್ಲಿ. ಆದರೂ ಹತ್ತನೇ ತರಗತಿ ಪಾಸಾಗದ ಗಾರೆ ಕೆಲಸದವನು ಸೌದಿಗೆ ದುಡಿಯಲು ಹೊರಟರೆ, 1983ರ ವಲಸೆ ಕಾಯ್ದೆಯಡಿ ಬೇರೆ ಅನುಮತಿ ತರಬೇಕು. ಏಜೆಂಟರಿಂದ ಅವನು ಮೋಸ ಹೋಗದಿರಲಿ ಎಂಬುದು ಉದ್ದೇಶ, ಅದು ಪೊಳ್ಳೇನಲ್ಲ. ಅದೇ ಕೌಂಟರ್ ದೊಡ್ಡವರ ವಿಷಯದಲ್ಲಿ ಹೇಗೆ ನಡೆದುಕೊಳ್ಳುತ್ತದೆಂದೂ ನೋಡಿದ್ದೇವೆ. ವಿಜಯ್ ಮಲ್ಯ ಅವರನ್ನು ತಡೆಯಿರಿ ಎಂದಿದ್ದ ಸಿಬಿಐನ ಲುಕ್‌ಔಟ್ ಸುತ್ತೋಲೆ 2015ರ ನವೆಂಬರ್‌ನಲ್ಲಿ ಬರೀ ಮಾಹಿತಿ ಕೊಡಿ ಎಂದು ಬದಲಾಗಿತ್ತು. 2016ರ ಮಾರ್ಚ್ 2ರಂದು ಅವರು ದೆಹಲಿಯಿಂದ ಲಂಡನ್ನಿಗೆ ಹಾರಿದರು.