ತಲೆ ಬೋಳಿಸಿಕೊಂಡ ಅಕ್ಷರಗಳು

ಬರ್ಬೆರಿ, ಸಾಂ ಲೊರಾಂ, ಬಾಲೆನ್ಸಿಯಾಗ, ಬಾಲ್ಮಾಂ, ಸೆಲೀನ್. ಲಂಡನ್ ಮತ್ತು ಪ್ಯಾರಿಸ್ಸಿನ ಈ ಐದು ಫ್ಯಾಷನ್ ಕಂಪನಿಗಳು 2019ರ ಹೊತ್ತಿಗೆ ತಮ್ಮ ಹೆಸರನ್ನು ಹೇಗೆ ಬರೆದುಕೊಳ್ಳುತ್ತಿದ್ದವೋ ಹಾಗೆಯೇ ಒಂದು ಹಾಳೆಯ ಮೇಲೆ ಸಾಲಾಗಿ ಇಟ್ಟು ನೋಡಿ. ಒಂದೇ ಕಂಪನಿಯ ಐದು ಶಾಖೆಗಳಂತೆ ಕಾಣುತ್ತವೆ. ಎಲ್ಲವೂ ಕಪ್ಪು, ಎಲ್ಲವೂ ನೆಟ್ಟಗೆ ನಿಂತ ಕ್ಯಾಪಿಟಲ್ ಅಕ್ಷರಗಳು. ರೋಮನ್ ಅಕ್ಷರದ ಗೆರೆಯ ತುದಿಗೆ ಇರುವ ಪುಟ್ಟ ಚಾಚಿಗೆ ಸೆರಿಫ್ ಎನ್ನುತ್ತಾರೆ. ಅದಿಲ್ಲದ್ದು ಸ್ಯಾನ್ಸ್ ಸೆರಿಫ್. ಇಲ್ಲಿ ಆ ಕುಡಿಯೂ ಇಲ್ಲ, ಬಳುಕೂ ಇಲ್ಲ. ಲಕ್ಷಗಟ್ಟಲೆ ಬೆಲೆಯ ಚೀಲ ಮಾರುವವರು, 'ನಾವೇ ಬೇರೆ' ಎನ್ನುವುದೇ ಕಸುಬಾದವರು, ಎಲ್ಲರೂ ಒಂದೇ ಕಟಿಂಗ್ ಶಾಪಿಗೆ ಹೋಗಿ ಬಂದಂತಿದ್ದಾರೆ.

ಇದಕ್ಕೆ ಮಿನಿಮಲಿಸಂ ಎಂಬ ದೊಡ್ಡ ಹೆಸರಿದೆ. ನನಗಿದು ಸರಳತೆ ಅನ್ನಿಸುವುದಿಲ್ಲ. ಪುಕ್ಕಲುತನ ಅನ್ನಿಸುತ್ತದೆ.

ಬರ್ಬೆರಿ 1856ರಲ್ಲಿ ಶುರುವಾದದ್ದು. ಕುದುರೆ ಏರಿ ಈಟಿ ಹಿಡಿದ ಸವಾರನ ಲಾಂಛನ ಅದಕ್ಕೆ 1901ರಿಂದ ಇತ್ತು. 2018ರಲ್ಲಿ ಹೊಸ ಮುಖ್ಯ ವಿನ್ಯಾಸಕ ಬಂದರು. ಪೀಟರ್ ಸಾವಿಲ್ ಎಂಬ ಹೆಸರಾಂತ ಕಲಾವಿದನಿಗೆ ಹೊಸ ಲೋಗೋ ಮಾಡಲು ಸಿಕ್ಕಿದ್ದು ನಾಲ್ಕು ವಾರ. ಸವಾರ ಕೆಳಗಿಳಿದ, ಬೋಳು ಅಕ್ಷರ ಬಂತು. ಐದು ವರ್ಷ ಕಳೆದು 2023ರಲ್ಲಿ ಇನ್ನೊಬ್ಬ ವಿನ್ಯಾಸಕ ಬಂದ ಮೇಲೆ ಅದೇ ಕಂಪನಿ ಅದೇ ಸವಾರನನ್ನು ಹುಡುಕಿ ತಂದು ಮತ್ತೆ ಕುದುರೆ ಹತ್ತಿಸಿತು. ಬೋಳು ಅಕ್ಷರ ಕಾಲದ ಅನಿವಾರ್ಯತೆಯಾಗಿದ್ದರೆ ಐದೇ ವರ್ಷದಲ್ಲಿ ಆ ಅನಿವಾರ್ಯತೆ ಎಲ್ಲಿಗೆ ಹೋಯಿತು?

ಸಾಂ ಲೊರಾಂ ಕಥೆ ಇನ್ನೂ ಸ್ವಾರಸ್ಯದ್ದು. ಕಸಾಂದ್ರ್ ಎಂಬ ಮಹಾ ಪೋಸ್ಟರ್ ಕಲಾವಿದ ಈ ಮನೆಗಾಗಿ ಮೂರು ಅಕ್ಷರಗಳನ್ನು ಬಳ್ಳಿಯಂತೆ ಒಂದಕ್ಕೊಂದು ಹೆಣೆದು ಕೊಟ್ಟಿದ್ದ. 2012ರಲ್ಲಿ ಹೆಡಿ ಸ್ಲಿಮಾನ್ ಉಡುಪುಗಳ ಹೆಸರಿನಿಂದ 'ಈವ್' ಅನ್ನು ಕಿತ್ತುಹಾಕಿ, ಉಳಿದದ್ದನ್ನು ಹೆಲ್ವೆಟಿಕಾದಲ್ಲಿ ಹೊಡೆಸಿದರು. ಆದರೆ ಚೀಲದ ಮೇಲಿನ ಲೋಹದ ಬಿಲ್ಲೆಯಲ್ಲಿ ಇವತ್ತಿಗೂ ಇರುವುದು ಕಸಾಂದ್ರ್ ಹೆಣೆದ ಬಳ್ಳಿಯೇ. ಬೋರ್ಡಿಗೆ ಬೇಡವಾದದ್ದು ವ್ಯಾಪಾರಕ್ಕೆ ಬೇಕು! 2018ರಲ್ಲಿ ಇದೇ ಸ್ಲಿಮಾನ್ ಸೆಲೀನ್‌ಗೆ ಹೋಗಿ, ಆ ಹೆಸರಿನ ಮೊದಲ 'ಇ' ಮೇಲಿದ್ದ ಗೀಟನ್ನು ಅಳಿಸಿದರು. ಹಳೆಯ ಲೋಗೋದಲ್ಲಿ ಗೀಟು ಇರಲಿಲ್ಲ ಎಂಬ ಸಮಜಾಯಿಷಿ ಬಂತು. ಫ್ರೆಂಚಿನಲ್ಲಿ ಆ ಗೀಟು ಅಲಂಕಾರವಲ್ಲ, ಉಚ್ಚಾರ. ನಮ್ಮಲ್ಲಿ ಚಂದಕ್ಕೆಂದು ದೀರ್ಘ ತೆಗೆದರೆ ಮಾಲೆ ಮಲೆಯಾಗುತ್ತದೆ.

ಇವರೆಲ್ಲರ ಸಿದ್ಧ ಉತ್ತರ ಒಂದೇ: ಮೊಬೈಲು. ಸಣ್ಣ ಪರದೆಯಲ್ಲಿ ಸೂಕ್ಷ್ಮ ಗೆರೆಗಳು ಕಾಣುವುದಿಲ್ಲ ಎನ್ನುತ್ತಾರೆ. ಗೂಗಲ್ 2015ರಲ್ಲಿ ಸೆರಿಫ್ ಬಿಟ್ಟಾಗ ಈ ಮಾತಿಗೆ ಅರ್ಥವಿತ್ತು. ಸುಮಾರು 14,000 ಬೈಟ್‌ಗಳಿದ್ದ ಲೋಗೋವನ್ನು ಅವರು 305 ಬೈಟ್‌ಗಳಿಗೆ ಇಳಿಸಿದರು. ನಿಧಾನದ ಇಂಟರ್ನೆಟ್ ಇರುವ ಊರುಗಳಿಗೆ ಅದು ಉಪಕಾರವೇ. ಆದರೆ ಕೈಚೀಲಕ್ಕೂ ಬೈಟ್‌ಗೂ ಏನು ಸಂಬಂಧ? ಮೇಲಾಗಿ ಆ್ಯಪಲ್‌ನ ರೆಟಿನಾ ಪರದೆ ಬಂದದ್ದು 2010ರಲ್ಲಿ. ಪರದೆಗಳು ಕೂದಲೆಳೆಯಷ್ಟು ತೆಳು ಗೆರೆಯನ್ನೂ ತೋರಿಸಲು ಕಲಿತ ಮೇಲೆಯೇ ಇವರು ತೆಳು ಗೆರೆಗಳನ್ನು ಬಿಟ್ಟದ್ದು. ಕೋಕಾ ಕೋಲಾದ ಬಾಲದ ಅಕ್ಷರ ಹತ್ತೊಂಬತ್ತನೇ ಶತಮಾನದ್ದು. ಅದು ಯಾವ ಫೋನಿನಲ್ಲಿ ಕಾಣದೆ ಹೋಗಿದೆ?

ನನ್ನ ಜಗಳ ಸ್ಯಾನ್ಸ್ ಸೆರಿಫ್ ಜೊತೆಗಲ್ಲ. ಎಡ್ವರ್ಡ್ ಜಾನ್‌ಸ್ಟನ್ ಲಂಡನ್ನಿನ ಸುರಂಗ ರೈಲಿಗೆಂದು ರೂಪಿಸಿ, 1916ರಲ್ಲಿ ಬಳಕೆಗೆ ಬಂದ ಅಕ್ಷರಗಳಲ್ಲೂ ಸೆರಿಫ್ ಇಲ್ಲ. ಆದರೆ ಅಲ್ಲಿ 'ಐ' ಮೇಲಿನ ಚುಕ್ಕಿ ದುಂಡಗಿಲ್ಲ, ಓರೆಯಾಗಿ ನಿಲ್ಲಿಸಿದ ಪುಟ್ಟ ಚೌಕ. ಆ ಒಂದು ಚುಕ್ಕಿಯಿಂದಲೇ ಲಂಡನ್ ಗುರುತು ಸಿಗುತ್ತದೆ. ಕುಡಿ ತೆಗೆದೂ ಮುಖ ಉಳಿಸಬಹುದು. ಅದಕ್ಕೆ ಕೈ ಬೇಕು, ಹೊತ್ತು ಬೇಕು.

'ಓದಲು ಸುಲಭ' ಎಂಬ ಇನ್ನೊಂದು ಮಾತಿದೆ. ಯಾರಿಗೆ ಸುಲಭ? ನನ್ನ ಅಮ್ಮನಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಅಂಗಡಿಯಲ್ಲಿ ಜಾನ್ಸನ್ ಪೌಡರಿನ ಡಬ್ಬಿಯನ್ನು ದೂರದಿಂದಲೇ ತೋರಿಸುತ್ತಿದ್ದಳು, ಆ ಓರೆ ಬರಹ ನೋಡಿ. ಅವಳು ಓದುತ್ತಿರಲಿಲ್ಲ, ಗುರುತು ಹಿಡಿಯುತ್ತಿದ್ದಳು. ಈ ದೇಶದಲ್ಲಿ ಇಂಗ್ಲಿಷ್ ಹೆಸರುಗಳನ್ನು ಹಾಗೆ ಗುರುತಿನಿಂದಲೇ ತಿಳಿಯುವವರು ಕಡಿಮೆಯೇನಿಲ್ಲ. ಜಾನ್ಸನ್ ಆ್ಯಂಡ್ ಜಾನ್ಸನ್ ಕಂಪನಿಯ ಹೆಸರು 1887ರಿಂದಲೂ ಅದರ ಸ್ಥಾಪಕರಲ್ಲೊಬ್ಬರ ಸಹಿಯನ್ನು ಹೋಲುವ ಕೈಬರಹದಲ್ಲಿತ್ತು. 2023ರಲ್ಲಿ ಕಂಪನಿ ಅದನ್ನು ಬಿಟ್ಟು ಬಿಡಿ ಬಿಡಿ ಅಚ್ಚಕ್ಷರ ಹಾಕಿಕೊಂಡಿತು. ಸಹಿ ಎಂದರೆ ಈ ಮಾತಿಗೆ ನಾನು ಹೊಣೆ ಎಂದು ಒಬ್ಬ ಮನುಷ್ಯ ಬರೆದುಕೊಟ್ಟದ್ದು. ಅಚ್ಚಕ್ಷರಕ್ಕೆ ಯಾರು ಹೊಣೆ?

ಇದೆಲ್ಲ ದುಡ್ಡಿದ್ದವರ ಚೀಲದ ಗೋಳು, ನಮಗೇನು ಎನ್ನುವವರು ಬೆಂಗಳೂರಿನ ಯಾವುದಾದರೂ ಮಾಲ್ ಮುಂದೆ ನಿಂತು ತಲೆ ಎತ್ತಲಿ. 2024ರ ತಿದ್ದುಪಡಿ ಕಾಯ್ದೆಯಂತೆ ನಾಮಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕು. ಬಹಳ ಕಡೆ ಕನ್ನಡ ಬಂದಿದೆ, ಬೋರ್ಡ್ ಮಾಡುವವರ ಕಂಪ್ಯೂಟರಿನಲ್ಲಿ ಮೊದಲು ಸಿಕ್ಕಿದ ಫಾಂಟಿನಲ್ಲಿ. ಬೂಟಿನ ಅಂಗಡಿಗೂ ಕಾಫಿ ಅಂಗಡಿಗೂ ಅದೇ ಮುಖ. ಇಂಗ್ಲಿಷ್ ಹೆಸರಿಗೇ ಚಹರೆ ಇಲ್ಲದ ಮೇಲೆ ಕನ್ನಡಕ್ಕೆ ಇಳಿಸುವುದಾದರೂ ಏನನ್ನು? ನಮ್ಮ ಲಿಪಿಯಲ್ಲಿ ರೋಮನ್ನಿನಂಥ ಸೆರಿಫ್ ಇಲ್ಲ. ತಲೆಕಟ್ಟು, ಗುಡಿಸು, ಕೊಂಬು, ಒತ್ತು ಇವೆ. ಇವನ್ನು ಬೋಳಿಸಲು ಬರುವುದಿಲ್ಲ. ಒತ್ತು ತೆಗೆದರೆ ಹಳ್ಳಿ ಹಳಿಯಾಗುತ್ತದೆ. ಹೀಗಾಗಿ ಇಂಗ್ಲಿಷ್ ಸಾಲಿನ ಎತ್ತರಕ್ಕೆ ಅಳೆದು ಮಾಡಿದ ಪಟ್ಟಿಯೊಳಗೆ ಕನ್ನಡವನ್ನು ಅಮುಕುತ್ತಾರೆ; ಒತ್ತಕ್ಷರಗಳು ಸಾಸಿವೆ ಕಾಳಿನಷ್ಟಾಗಿ ಕೆಳಗೆ ಅಂಟಿಕೊಂಡಿರುತ್ತವೆ.

ಬೋರ್ಡಿನ ಅರ್ಧಕ್ಕಿಂತ ಹೆಚ್ಚು ಜಾಗ ಕೊಟ್ಟಾಯಿತಲ್ಲ, ಇನ್ನು ಅಲ್ಲಿ ಬರೆಯಲು ಅಕ್ಷರ ಬಲ್ಲವರನ್ನು ಕರೆಯಿರಿ. ಬಣ್ಣದ ಡಬ್ಬಿ, ಬ್ರಷ್ಷು ಹಿಡಿದು ಬೋರ್ಡ್ ಬರೆಯುತ್ತಿದ್ದವರು ಕೆಲವರಾದರೂ ಉಳಿದಿದ್ದಾರೆ. ಕನ್ನಡ ಫಾಂಟು ರೂಪಿಸುವ ಹುಡುಗ ಹುಡುಗಿಯರೂ ಇದ್ದಾರೆ. ಅವರಿಗೆ ನಾಲ್ಕು ವಾರವಲ್ಲ, ನಾಲ್ಕು ತಿಂಗಳು ಕೊಡಿ.