ದ್ರಾಕ್ಷಾರಸಕ್ಕೆ ಅಂಕ

ಫ್ರಾನ್ಸ್ ದೇಶದ ಬೋರ್ಡೋ ಸೀಮೆಯ ರೈತರು ತಮ್ಮ ದ್ರಾಕ್ಷಿಯ ಬಳ್ಳಿಗಳನ್ನು ತಾವೇ ಬೇರುಸಹಿತ ಕಿತ್ತುಹಾಕುತ್ತಿರುವ ಸುದ್ದಿಯನ್ನು ಕೆಲವು ವರ್ಷಗಳಿಂದ ಪತ್ರಿಕೆಗಳ ವಾಣಿಜ್ಯಪುಟದಲ್ಲಿ ಓದುತ್ತಿದ್ದೇವೆ. 2023ರಲ್ಲಿ ಅಲ್ಲಿ ಸುಮಾರು 9,500 ಹೆಕ್ಟೇರು ತೋಟವನ್ನು ಕೀಳಿಸುವುದಕ್ಕೆಂದು 5 ಕೋಟಿ 70 ಲಕ್ಷ ಯೂರೋ ಸಹಾಯಧನ ಗೊತ್ತಾಯಿತು. ಅದೇ ವರ್ಷ, ಕೊಳ್ಳುವವರಿಲ್ಲದೆ ಉಳಿದ ವೈನನ್ನು ಬಟ್ಟಿಯಿಳಿಸಿ ಕೈಗಾರಿಕೆಗೆ ಬೇಕಾದ ಮದ್ಯಸಾರವನ್ನಾಗಿ ಮಾಡಿಬಿಡಲು ಫ್ರೆಂಚ್ ಸರ್ಕಾರ 20 ಕೋಟಿ ಯೂರೋಗಳನ್ನು ತೆಗೆದಿರಿಸಿತು. 2024ರಲ್ಲಿ ಜಗತ್ತೆಲ್ಲ ಸೇರಿ ಕುಡಿದ ವೈನು ಸುಮಾರು 21 ಕೋಟಿ 40 ಲಕ್ಷ ಹೆಕ್ಟೋಲೀಟರೆಂದೂ 1961ರಿಂದೀಚೆಗೆ ಇಷ್ಟು ಕಡಮೆಯಾದದ್ದಿಲ್ಲವೆಂದೂ ಅಂತರರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಸ್ಥೆಯ ಲೆಕ್ಕ ಹೇಳುತ್ತದೆ.

ಇದನ್ನೋದಿ ‘ಒಳ್ಳೆಯದೇ ಆಯಿತು’ ಎನ್ನುವವರು ನಮ್ಮಲ್ಲಿ ಬಹುಮಂದಿ ಇರಬಹುದು. ಅವರೊಡನೆ ನನಗೆ ಜಗಳವಿಲ್ಲ. ಮದ್ಯದ ಯಾವ ಪ್ರಮಾಣವೂ ದೇಹಕ್ಕೆ ನಿರಪಾಯಕರವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿಯೇ ಸಾರಿತು. ಸಾರಾಯಿ ಅಂಗಡಿ ಎಷ್ಟು ಮನೆಗಳನ್ನು ತೊಳೆದುಬಿಟ್ಟಿತೆಂಬುದನ್ನು ಕಣ್ಣಾರೆ ಕಂಡ ಊರಿನಲ್ಲಿ ಬೆಳೆದವನು ನಾನು. (ನಮ್ಮ ರಾಜ್ಯ ಸಾರಾಯಿಯನ್ನು ನಿಷೇಧಿಸಿದ್ದೂ ವೈನ್ ಮಂಡಳಿಯನ್ನು ಸ್ಥಾಪಿಸಿದ್ದೂ ಒಂದೇ ವರ್ಷದಲ್ಲಿ, 2007ರಲ್ಲಿ, ಎಂಬುದನ್ನು ಮುಂದಿನ ಇತಿಹಾಸಕಾರರ ವಿನೋದಕ್ಕೆ ಬಿಟ್ಟುಬಿಡೋಣ.) ಆದರೆ ಈ ಸುದ್ದಿಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿದಾಗ ಮಾತ್ರ ಮನಸ್ಸಿಗೆ ಕೊಂಚ ಕಸಿವಿಸಿಯಾಗುತ್ತದೆ. 2018ರಲ್ಲಿ ನ್ಯೂಯಾರ್ಕಿನ ಹರಾಜೊಂದರಲ್ಲಿ 1945ನೆಯ ಇಸವಿಯ ರೊಮಾನೆ ಕೋಂತಿ ಎಂಬ ವೈನಿನ ಒಂದೇ ಒಂದು ಸೀಸೆ 5,58,000 ಡಾಲರಿಗೆ ಹೋಯಿತು. ಒಂದು ಕಡೆ ಚೆಲ್ಲುವ ವೈನು, ಇನ್ನೊಂದು ಕಡೆ ಯಾರೂ ತೆರೆಯಲು ಧೈರ್ಯಮಾಡದ ವೈನು. ಇವೆರಡರ ನಡುವೆ, ನಾಲ್ಕು ಜನ ಸ್ನೇಹಿತರು ಮನೆಯಲ್ಲಿ ಕುಳಿತು, ಬಹುಕಾಲ ಕಾದಿರಿಸಿದ ಸೀಸೆಯೊಂದನ್ನು ತೆರೆದು, ಇದು ಹೇಗಿದೆಯೆಂದು ವಿಚಾರಿಸುವ ಪದ್ಧತಿ ಏನಾಗುತ್ತಿದೆ?

ಕನ್ನಡ ಪಾಠ ಹೇಳುವವನಿಗೆ ಈ ಪ್ರಶ್ನೆ ಏಕೆ ಬಂದಿತೆಂಬುದನ್ನು ಹೇಳಬೇಕು. ಹೋದ ವರ್ಷ ನಾನು 31 ಅಂಕ ಕೊಟ್ಟ ಉತ್ತರಪತ್ರಿಕೆಯೊಂದಕ್ಕೆ ಮರುಮೌಲ್ಯಮಾಪನದಲ್ಲಿ ಬೇರೊಬ್ಬರು 46 ಕೊಟ್ಟರು. ಅವರು ಸರಿಯೋ ನಾನು ಸರಿಯೋ ಎಂಬುದು ಇತ್ಯರ್ಥವಾಗುವಷ್ಟರಲ್ಲಿ ಆ ಹುಡುಗಿಗೆ ಎಂ.ಎ. ತರಗತಿಯ ಪ್ರವೇಶದ ಗಡುವು ಕಳೆದುಹೋಗಿತ್ತು. ಅಂದಿನಿಂದ ಅಂಕವೆಂಬುದರ ಮೇಲೆಯೇ ನನಗೊಂದು ಬಗೆಯ ಶಂಕೆ. ಇಂಥ ಮನಃಸ್ಥಿತಿಯಲ್ಲಿರುವಾಗ ಬೆಂಗಳೂರಿನ ಹಿರಿಯ ಮಿತ್ರರೊಬ್ಬರು ನನ್ನನ್ನು ತಮ್ಮ ಮನೆಗೆ ಕರೆದರು. ಅವರು ಇಂಜಿನಿಯರರಾಗಿ ಬಹುವರ್ಷ ಫ್ರಾನ್ಸಿನಲ್ಲಿದ್ದು ಬಂದವರು. ಹೋಗಿಬರುವಾಗಲೆಲ್ಲ, ಸುಂಕವಿಲ್ಲದೆ ತರಲು ಅವಕಾಶವಿರುವ ಎರಡು ಲೀಟರಿನ ಮಿತಿಯೊಳಗೆ, ಎರಡೆರಡು ಸೀಸೆಗಳನ್ನು ತಂದು ಕೂಡಿಟ್ಟವರು. “ಮೇಷ್ಟ್ರೇ, ನೀವು ಕುಡಿಯುವವರಲ್ಲ. ಆದ್ದರಿಂದಲೇ ನೀವು ಬೇಕು” ಎಂದರು. ಸೀಸೆಗಳಿಗೆ ಬಟ್ಟೆ ಸುತ್ತಿ, ಲೋಟಗಳಿಗೆ ಸಂಖ್ಯೆ ಬರೆದು, ಯಾವುದು ಯಾವುದೆಂಬ ಗುಟ್ಟನ್ನು ಕಾಪಾಡುವ ಕೆಲಸ ನನ್ನದು. ಉತ್ತರಪತ್ರಿಕೆಯ ನೋಂದಣಿ ಸಂಖ್ಯೆಯನ್ನು ಮರೆಮಾಡಿ ಗುಪ್ತಸಂಖ್ಯೆ ಕೊಡುವ ಗುಮಾಸ್ತನ ಕೆಲಸ.

ಸೀಸೆಗಳು ನಾಲ್ಕು. 1996ರ ಬೋರ್ಡೋ, ಅದರಲ್ಲಿಯೂ ಪೋಯಾಕ್ ಎಂಬ ಗ್ರಾಮದ್ದು, 1999ರ ಬರ್ಗಂಡಿ, 1997ರ ಕ್ಯಾಲಿಫೋರ್ನಿಯ, ಮತ್ತು ನಮ್ಮ ನಂದಿಬೆಟ್ಟದ ತಪ್ಪಲಿನಲ್ಲಿ ಬೆಳೆದು ಹತ್ತು ವರ್ಷ ದಾಟಿದ್ದೊಂದು. ಮಿತ್ರರು ಹಿಂದಿನ ದಿನವೇ ಅವನ್ನು ನೆಟ್ಟಗೆ ನಿಲ್ಲಿಸಿದ್ದರು. ಬಿರಡೆ ಒಣಗಿ ಗಾಳಿ ನುಸುಳದಂತೆ ವೈನಿನ ಸೀಸೆಯನ್ನು ಯಾವಾಗಲೂ ಮಲಗಿಸಿಯೇ ಇಡುತ್ತಾರೆ. ತೆರೆಯುವ ಮುನ್ನ ನಿಲ್ಲಿಸುವುದು ಗಷ್ಟು ತಳಕ್ಕೆ ಇಳಿಯಲೆಂದು. ಆಮೇಲೆ ಸೀಸೆಯ ಕತ್ತಿನ ಹಿಂದೆ ಮೇಣದ ಬತ್ತಿ ಹಚ್ಚಿಟ್ಟುಕೊಂಡು, ಉಸಿರು ಬಿಗಿಹಿಡಿದು, ಗಾಜಿನ ಹೂಜಿಗೆ ಸಣ್ಣ ಧಾರೆಯಾಗಿ ಬಗ್ಗಿಸುತ್ತ ಹೋದರು. ಕಪ್ಪನೆಯ ಗಷ್ಟು ಬೆಳಕಿಗೆ ಅಡ್ಡವಾಗಿ ಕಾಣಿಸಿಕೊಂಡ ಕೂಡಲೆ ಕೈ ನಿಂತಿತು. ತಳದಲ್ಲುಳಿದದ್ದು ಎರಡು ಬೆರಳಿನಷ್ಟು.

ಆ ಗಷ್ಟೇನೆಂದು ಕೇಳಿದೆ. ಅವರು ಹೇಳಿದ್ದು ನನಗೆ ಬಹಳ ಹಿಡಿಸಿತು. ಹೊಸ ಕೆಂಪು ವೈನಿನಲ್ಲಿ, ಹಣ್ಣಿನ ಸಿಪ್ಪೆ ಬೀಜಗಳಿಂದ ಬಂದ ಒಗರು ಬಲವಾಗಿರುತ್ತದೆ. ಎಳೆಯ ಅಡಕೆಯನ್ನು ಕಚ್ಚಿದಂತೆ ಒಸಡು ಬಿಗಿಯುತ್ತದೆ. ವರ್ಷಗಳು ಉರುಳಿದಂತೆ ಈ ಒಗರಿನ ಕಣಗಳೂ ಬಣ್ಣದ ಕಣಗಳೂ ಒಂದಕ್ಕೊಂದು ಕೂಡಿಕೊಂಡು ಭಾರವಾಗಿ ತಳ ಸೇರುತ್ತವೆ. ರಸ ತಿಳಿಯಾಗುತ್ತದೆ, ನೇರಳೆಗೆಂಪು ಹೋಗಿ ಅಂಚಿನಲ್ಲಿ ಇಟ್ಟಿಗೆಯ ಬಣ್ಣ ಮೂಡುತ್ತದೆ, ಹಣ್ಣಿನ ವಾಸನೆ ಹಿಂದೆ ಸರಿದು ಒಣ ಎಲೆ, ಚರ್ಮ, ಹೊಗೆಸೊಪ್ಪು, ಮಳೆ ಬಿದ್ದ ಕಾಡಿನ ನೆಲ ಇವುಗಳ ನೆನಪು ಮುಂದೆ ಬರುತ್ತದೆ. ಎಲ್ಲ ವೈನಿಗೂ ಈ ಭಾಗ್ಯವಿಲ್ಲ. ಜಗತ್ತಿನ ವೈನಿನಲ್ಲಿ ಬಹುಪಾಲು ಒಂದೆರಡು ವರ್ಷಗಳಲ್ಲಿ ಕುಡಿದು ಮುಗಿಸತಕ್ಕದ್ದು. ಭಾಗ್ಯವಿದ್ದವಕ್ಕೂ 12-14 ಡಿಗ್ರಿಯ ತಂಪು ಬೇಕು, ಕತ್ತಲೆ ಬೇಕು, ಅಲುಗಾಟವಿರಬಾರದು. ಬೆಂಗಳೂರಿನ ಈಚಿನ ಏಪ್ರಿಲ್ ತಿಂಗಳುಗಳಲ್ಲಿ ಇದಕ್ಕಾಗಿ ವಿದ್ಯುತ್ ಪೆಟ್ಟಿಗೆಯೊಂದನ್ನು ಹಗಲಿರುಳು ನಡೆಸಬೇಕಾಗಿದೆಯೆಂದು ಮಿತ್ರರ ಶ್ರೀಮತಿಯವರು ಬಿಲ್ಲಿನ ಮೊತ್ತಸಮೇತ ತಿಳಿಸಿದರು.

ಇನ್ನು ಅಂಕದ ಮಾತು. ವೈನಿನ ಮೌಲ್ಯಮಾಪನಕ್ಕೆ ನಮ್ಮ ಪರೀಕ್ಷೆಗಳಿಗಿಂತ ಹಳೆಯ ಇತಿಹಾಸವುಂಟು. 1855ರ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ಬೋರ್ಡೋದ ಕೆಂಪು ವೈನುಗಳನ್ನು ದಲ್ಲಾಳಿಗಳು ಐದು ದರ್ಜೆಗಳಾಗಿ ವಿಂಗಡಿಸಿದರು. ಅವರು ಹಿಡಿದ ಅಳತೆಗೋಲು ರುಚಿಯಲ್ಲ, ಮಾರುಕಟ್ಟೆಯಲ್ಲಿ ಬಹುಕಾಲ ನಡೆದುಬಂದ ಬೆಲೆ. ಆ ಪಟ್ಟಿ ಇಂದಿಗೂ ನಿಂತಿದೆ. 1973ರಲ್ಲಿ ಮೂತೋಂ ರಾಥ್ಸ್‌ಚೈಲ್ಡ್ ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದೇ ದೊಡ್ಡ ತಿದ್ದುಪಡಿ. 1978ರಲ್ಲಿ ಅಮೆರಿಕದ ರಾಬರ್ಟ್ ಪಾರ್ಕರ್ ತಮ್ಮದೇ ಪತ್ರಿಕೆಯನ್ನು ಹೊರಡಿಸಿ ನೂರಕ್ಕೆ ಇಷ್ಟೆಂದು ಅಂಕ ಕೊಡತೊಡಗಿದರು. 1982ರ ಬೋರ್ಡೋ ಫಸಲನ್ನು ಅವರು ಹೊಗಳಿದ ಮೇಲೆ ಅವರ ಅಂಕವೇ ಬೆಲೆಯನ್ನು ಏರಿಸಿ ಇಳಿಸುವ ಕಾಲ ಬಂದಿತು. ಮೊದಲು ಬೆಲೆಯಿಂದ ದರ್ಜೆ, ಆಮೇಲೆ ಅಂಕದಿಂದ ಬೆಲೆ. ನಮ್ಮ ಸರ್ಕಾರವೂ ಈ ದಾರಿಯನ್ನು ಬಿಟ್ಟಿಲ್ಲ. ಆಸ್ಟ್ರೇಲಿಯದೊಡನೆ ಆದ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂದಾಗ, 5 ಡಾಲರಿಗೆ ಮೇಲ್ಪಟ್ಟ ಸೀಸೆಗೆ ಆಮದು ಸುಂಕ ನೂರೈವತ್ತರಿಂದ ಶೇಕಡ 100ಕ್ಕೂ, 15 ಡಾಲರಿಗೆ ಮೇಲ್ಪಟ್ಟದ್ದಕ್ಕೆ ಶೇಕಡ 75ಕ್ಕೂ ಇಳಿಯಿತು. ಅಗ್ಗದ ಸರಕಿನಿಂದ ನಮ್ಮ ಬೆಳೆಗಾರನನ್ನು ಕಾಪಾಡುವುದು ಇದರ ಉದ್ದೇಶವೆನ್ನುವುದು ನಿಜ. ಆದರೂ ‘ದುಬಾರಿಯಾದದ್ದು ಬರಲಿ’ ಎಂದು ದಿಡ್ಡಿಬಾಗಿಲಲ್ಲಿ ನಿಂತು ಹೇಳುವವನಿಗೂ 1855ರ ದಲ್ಲಾಳಿಗೂ ಅಳತೆಗೋಲು ಒಂದೇ.

ಆ ಸಂಜೆ ನಾನೊಂದು ಕಪಟ ಮಾಡಿದೆ. ಕ್ಯಾಲಿಫೋರ್ನಿಯದ ಹಾಡ್ಜ್‌ಸನ್ ಎಂಬ ಸಂಖ್ಯಾಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು ಅಲ್ಲಿನ ರಾಜ್ಯಮಟ್ಟದ ವೈನ್ ಸ್ಪರ್ಧೆಯ ತೀರ್ಪುಗಾರರಿಗೆ, ಅವರಿಗೆ ತಿಳಿಯದಂತೆ, ಒಂದೇ ಸೀಸೆಯ ವೈನನ್ನು ಮೂರು ಸಲ ಕೊಡಿಸಿ ಪರೀಕ್ಷಿಸಿದ್ದುಂಟು. 2008ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ, ಮೂರು ಸಲವೂ ಒಂದೇ ಮಟ್ಟದ ತೀರ್ಪು ಕೊಡಬಲ್ಲವರು ನೂರಕ್ಕೆ ಹತ್ತು ಮಂದಿಯಷ್ಟೇ. ಇದನ್ನು ನೆನೆದು ನಾನು ಪೋಯಾಕಿನ ವೈನನ್ನೇ ಎರಡನೆಯ ಲೋಟಕ್ಕೂ ಐದನೆಯ ಲೋಟಕ್ಕೂ ಸುರಿದೆ. ರುಚಿ ನೋಡುವವರು ನಾಲ್ವರು: ಮಿತ್ರರು, ಅವರ ಶ್ರೀಮತಿ, ಒಬ್ಬ ವೈದ್ಯರು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು. ಸೀಸೆ ನಾಲ್ಕೇ ಇದ್ದವೆಂಬುದು ಮಿತ್ರರಿಗೆ ಗೊತ್ತು. ಐದನೆಯದು ನಾನು ತಂದದ್ದೆಂದು ಹೇಳಿ ಅವರನ್ನೂ ನಂಬಿಸಿದ್ದೆ. ಇಪ್ಪತ್ತಕ್ಕೆ ಅಂಕ. ಮಿತ್ರರು ಎರಡನೆಯದಕ್ಕೆ 17, ಐದನೆಯದಕ್ಕೆ 13 ಕೊಟ್ಟರು. ವೈದ್ಯರು 14 ಮತ್ತು 17. ಬ್ಯಾಂಕಿನವರು 12 ಮತ್ತು 16. ಶ್ರೀಮತಿಯವರು ಮಾತ್ರ 15 ಮತ್ತು 14.

ಬಟ್ಟೆ ಬಿಚ್ಚುವ ಮೊದಲು ಇನ್ನೊಂದು ಸಂಗತಿ ನಡೆಯಿತು. ಒಂದನೆಯ ಲೋಟಕ್ಕೆ ಎಲ್ಲರೂ ಒಮ್ಮತದಿಂದ ಕಡಮೆ ಅಂಕ ಕೊಟ್ಟಿದ್ದರು. ನೆನೆದ ಗೋಣಿಚೀಲದ ವಾಸನೆಯೆಂದು ವೈದ್ಯರು ಬರೆದಿದ್ದರು. ಬಿರಡೆಯ ದೋಷದಿಂದ ಒಮ್ಮೊಮ್ಮೆ ಹೀಗಾಗುವುದುಂಟಂತೆ. ಎಷ್ಟು ವರ್ಷ ಕಾದಿದ್ದರೂ ತೆರೆಯುವವರೆಗೆ ತಿಳಿಯುವುದಿಲ್ಲ. ಬಟ್ಟೆ ಬಿಚ್ಚಿದಾಗ ಅದೇ ಬರ್ಗಂಡಿ, ನಾಲ್ಕರಲ್ಲಿಯೂ ಬೆಲೆಯುಳ್ಳದ್ದು. ಮಿತ್ರರ ಮುಖ ಸಣ್ಣದಾಯಿತು. ಬ್ಯಾಂಕಿನವರು ಲೋಟವನ್ನು ಮತ್ತೆ ಮೂಸಿ, ಸ್ವಲ್ಪ ಹೊತ್ತು ಬಿಟ್ಟು, “ಮೇಷ್ಟ್ರೇ, ಒಂದೆರಡು ಅಂಕ ಸೇರಿಸಿಬಿಡಿ” ಎಂದರು. ಕೃಪಾಂಕವೆಂಬುದು ವಿಶ್ವವಿದ್ಯಾಲಯಗಳ ಸ್ವತ್ತೆಂದು ತಿಳಿದಿದ್ದ ನನಗೆ ನಗು ತಡೆಯಲಾಗಲಿಲ್ಲ. ನಂದಿಯ ತಪ್ಪಲಿನದು ಮಧ್ಯಮ ಅಂಕ ಪಡೆದು ಮರ್ಯಾದೆಯಿಂದ ತೇರ್ಗಡೆಯಾಗಿತ್ತು. ಅದನ್ನು ಒಬ್ಬರು ಇಟಲಿಯದೆಂದು ಊಹಿಸಿದ್ದರು.

ನನ್ನ ಕಪಟವನ್ನು ಒಪ್ಪಿಕೊಂಡಾಗ ಸಭೆ ಒಂದು ಕ್ಷಣ ಸುಮ್ಮನಾಯಿತು. ಮಿತ್ರರು ಕೊಟ್ಟ ಉತ್ತರ ತಳ್ಳಿಹಾಕುವಂಥದ್ದಲ್ಲ. ಐದನೆಯ ಲೋಟವನ್ನು ಮುಟ್ಟುವ ಹೊತ್ತಿಗೆ ಮುಕ್ಕಾಲು ಗಂಟೆಯಾಗಿತ್ತು, ಇಷ್ಟು ಮುದಿಯಾದ ವೈನು ಅಷ್ಟರಲ್ಲಿ ಗಾಳಿಗೆ ಬದಲಾಗುತ್ತದೆ, ನಾಲಗೆಯೂ ದಣಿದಿರುತ್ತದೆ, ಆದ್ದರಿಂದ ತಾವು ಅಂಕ ಕೊಟ್ಟದ್ದು ಒಂದೇ ವಸ್ತುವಿಗಲ್ಲ. ಇರಬಹುದು. ಹಾಗಾದರೆ ಆ ಹದಿನೇಳು, ಹದಿಮೂರು ಯಾವುದರ ಗುಣವನ್ನು ಹೇಳುತ್ತವೆಯೆಂಬ ಪ್ರಶ್ನೆ ಉಳಿದೇ ಇದೆ.

ಆದರೆ ಮನೆಗೆ ತಂದ ಹಾಳೆಗಳನ್ನು ಮಾರನೆಯ ದಿನ ಸಾವಧಾನವಾಗಿ ಓದಿದಾಗ ನಾನು ಎಣಿಸಿರದ ಒಂದು ವಿಷಯ ಕಂಡಿತು. ಅಂಕದ ಪಕ್ಕದಲ್ಲಿ ಒಂದೆರಡು ಮಾತು ಬರೆಯಲು ಹೇಳಿದ್ದೆ. ಎರಡನೆಯ ಲೋಟಕ್ಕೆ ‘ಪೆನ್ಸಿಲ್ ಹೆರೆದ ಪುಡಿ’ ಎಂದು ಮಿತ್ರರು. ‘ಮರದ ಪೆಟ್ಟಿಗೆ, ಹಳೆಯ ಪುಸ್ತಕ’ ಎಂದು ವೈದ್ಯರು. ಐದನೆಯದಕ್ಕೆ ‘ಬೀರುವಿನೊಳಗಿನ ವಾಸನೆ’ ಎಂದು ಬ್ಯಾಂಕಿನವರು. ‘ಒಗರು ತೀರ ಕೊನೆಗೆ, ಒಸಡಿನ ಮೇಲೆ, ಎರಡನೆಯದರಲ್ಲಿದ್ದಂತೆಯೇ’ ಎಂದು ಶ್ರೀಮತಿಯವರು. ಪೋಯಾಕಿನ ಹಳೆಯ ವೈನನ್ನು ಬಲ್ಲವರು ದೇವದಾರು ಮರ, ಪೆನ್ಸಿಲ್ಲಿನ ಪುಡಿ ಎಂದು ವರ್ಣಿಸುವುದು ವಾಡಿಕೆ. ಅಂಕಗಳು ದಿಕ್ಕಾಪಾಲಾಗಿದ್ದವು, ಮಾತುಗಳು ಒಂದೇ ಗೂಡಿನ ಸುತ್ತ ಹಾರುತ್ತಿದ್ದವು. ರುಚಿಯೇ ಸುಳ್ಳು, ಹೆಸರೇ ಎಲ್ಲವೆಂದು ಹಾಡ್ಜ್‌ಸನ್ನರ ಲೇಖನದಿಂದ ತೀರ್ಮಾನಿಸುವವರು ಅವಸರಪಡುತ್ತಿದ್ದಾರೆಂದು ನನಗನಿಸುತ್ತದೆ. ಸುಳ್ಳಾದದ್ದು ಸಂಖ್ಯೆ. ರಸವೆಂದರೇನೆಂದು ವಿವರಿಸಬೇಕಾದಾಗ ಭರತಮುನಿ ವ್ಯಂಜನಗಳಿಂದ ಕೂಡಿದ ಊಟದ ದೃಷ್ಟಾಂತವನ್ನು ತೆಗೆದುಕೊಂಡ, ಅಭಿನವಗುಪ್ತ ಪಾನಕದ ದೃಷ್ಟಾಂತವನ್ನು ತೆಗೆದುಕೊಂಡ. ಇಬ್ಬರೂ ಅದಕ್ಕೆ ಇಷ್ಟು ಅಂಕವೆನ್ನಲಿಲ್ಲ.

ಹೆಸರನ್ನು ಮುಚ್ಚಿ ರುಚಿ ನೋಡುವುದರಿಂದ ನಿಜ ತಿಳಿದ ಉದಾಹರಣೆಗಳೂ ಇವೆ. 1976ರ ಮೇ 24ರಂದು ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವರ್ತಕ ಪ್ಯಾರಿಸ್ಸಿನಲ್ಲಿ ಒಂಬತ್ತು ಮಂದಿ ಫ್ರೆಂಚ್ ತೀರ್ಪುಗಾರರನ್ನು ಕೂಡಿಸಿ ಕ್ಯಾಲಿಫೋರ್ನಿಯದ ವೈನುಗಳನ್ನು ಫ್ರಾನ್ಸಿನವುಗಳ ಜೊತೆಗಿಟ್ಟು ಪರೀಕ್ಷೆ ಮಾಡಿಸಿದಾಗ, ಕೆಂಪಿನಲ್ಲಿಯೂ ಬಿಳಿಯದರಲ್ಲಿಯೂ ಮೊದಲನೆಯ ಸ್ಥಾನ ಕ್ಯಾಲಿಫೋರ್ನಿಯಕ್ಕೆ ಹೋಯಿತು. ‘ಎಳೆಯದರಲ್ಲಿ ಗೆದ್ದರೇನು, ನಮ್ಮದು ಮಾಗುವುದಕ್ಕೆ ಕಾಲ ಬೇಕು’ ಎಂದು ಫ್ರೆಂಚರ ಸಮಾಧಾನ. ಅದೇ ಕೆಂಪು ವೈನುಗಳನ್ನು ಮೂವತ್ತು ವರ್ಷ ಕಳೆದ ಮೇಲೆ, 2006ರಲ್ಲಿ, ಲಂಡನ್ನಿನಲ್ಲಿಯೂ ಕ್ಯಾಲಿಫೋರ್ನಿಯದಲ್ಲಿಯೂ ಒಂದೇ ದಿನ ತೆರೆದು ನೋಡಿದರು. ಮೊದಲನೆಯದು 1971ರ ರಿಡ್ಜ್ ಮಾಂಟೆ ಬೆಲ್ಲೊ, ಕ್ಯಾಲಿಫೋರ್ನಿಯದ್ದೇ. ಅಲ್ಲಿಯೂ ಅಂಕಗಳಿದ್ದವು; ಆದರೆ ಅಂಕಕ್ಕಿಂತ ಮೊದಲು ತೆರೆದ ಸೀಸೆಯಿತ್ತು.

ಸೀಸೆಯನ್ನು ತೆರೆಯದೆ ಸಂಖ್ಯೆಯೇ ಕೈಯಿಂದ ಕೈಗೆ ಹೋಗತೊಡಗಿದರೆ ಏನಾಗುತ್ತದೆಂಬುದಕ್ಕೆ ರೂಡಿ ಕುರ್ನಿಯಾವಾನನ ಪ್ರಕರಣ ಸಾಕ್ಷಿ. 2008ರ ಹರಾಜೊಂದಕ್ಕೆ ಈತ ತಂದ ಕ್ಲೊ ಸೇಂ ದೆನಿ ವೈನುಗಳಲ್ಲಿ 1945ರ ಸೀಸೆಯಿತ್ತು. ಆ ಮನೆತನದವರು ಆ ವೈನನ್ನು ಮಾಡತೊಡಗಿದ್ದೇ 1980ರ ದಶಕದಲ್ಲಿ! ಒಡೆಯರಾದ ಲೊರಾಂ ಪೋನ್ಸೋ ಹರಾಜಿನ ಸಭೆಗೇ ಬಂದು ಅವನ್ನು ನಿಲ್ಲಿಸಿದರು. ಕ್ಯಾಲಿಫೋರ್ನಿಯದ ತನ್ನ ಮನೆಯಲ್ಲಿಯೇ ವೈನುಗಳನ್ನು ಬೆರಸಿ ಹಳೆಯ ಚೀಟಿ ಅಂಟಿಸುತ್ತಿದ್ದ ಈತನಿಗೆ 2014ರಲ್ಲಿ ಹತ್ತು ವರ್ಷ ಸೆರೆಯಾಯಿತು. ಅದಕ್ಕೂ ಮೊದಲು ಅವನ ಸೀಸೆಗಳನ್ನು ಕುಡಿದು ಕೊಂಡಾಡಿದವರೂ ಇದ್ದರು, ಚೀಟಿ ನೋಡಿಕೊಂಡು.

ಬಳ್ಳಿ ಕೀಳುವ ಬೋರ್ಡೋದ ರೈತ ಬೆಳೆಯುತ್ತಿದ್ದುದು ಇಂಥ ಹರಾಜಿನ ವೈನನ್ನಲ್ಲ, ಮನೆಯ ಊಟಕ್ಕೆ ತೆರೆಯುವ ಸಾಧಾರಣ ವೈನನ್ನು. ಅದನ್ನು ಕೊಳ್ಳುವವರಿಲ್ಲ, ಬಹಳ ಅಂಕದ್ದನ್ನು ತೆರೆಯುವವರಿಲ್ಲ. ಕುಡಿತ ಕಡಮೆಯಾಗಲಿ. ಆದರೆ ಅದರ ಜೊತೆಗೆ, ಬಾಯಲ್ಲಿಟ್ಟುಕೊಂಡು ವಿಚಾರಮಾಡಿ, ಪಕ್ಕದವನ ಮಾತು ಕೇಳಿ ತನ್ನ ತೀರ್ಪನ್ನು ತಿದ್ದಿಕೊಳ್ಳುವ ಅಭ್ಯಾಸವೂ ಹೋಗಿ, ಸಂಖ್ಯೆಯೊಂದೇ ನಿಂತರೆ ಅದನ್ನು ನಾನು ಲಾಭವೆಂದು ಬರೆದುಕೊಳ್ಳಲಾರೆ.

ಆ ವಾರವೇ ಮೌಲ್ಯಮಾಪನ ಕೇಂದ್ರದಲ್ಲಿ, ಕಟ್ಟಿನ ಮೊದಲ ಪತ್ರಿಕೆಯ ಅಂಕವನ್ನು ಬೇರೊಂದು ಚೀಟಿಯಲ್ಲಿ ಬರೆದಿಟ್ಟು, ಪತ್ರಿಕೆಯನ್ನು ಕಟ್ಟಿನ ಕೊನೆಗೆ ಸೇರಿಸಿ ಸಂಜೆ ಮತ್ತೆ ಓದಿ ನೋಡಿದೆ. ಆರು ಅಂಕಗಳ ಅಂತರವಿತ್ತು. ಇದನ್ನು ಮಿತ್ರರಿಗೆ ತಿಳಿಸಿದಾಗ ಅವರು ನಗಲಿಲ್ಲ. 1996ರದು ಇನ್ನೊಂದು ಸೀಸೆ ಉಳಿದಿದೆಯೆಂದೂ ಸಂಕ್ರಾಂತಿಯ ಮಾರನೆಯ ದಿನ ತೆರೆಯುವುದಾಗಿಯೂ ಹೇಳಿದರು. ಬಟ್ಟೆ ಸುತ್ತಲು ನಾನು ಬರಬೇಕಂತೆ. ಅಂಕದ ಹಾಳೆ ಬೇಡವಂತೆ.