ಜ್ವರ ಹೇಳಿಕೊಂಡ ಆಟಗಾರನಿಗೆ ನಷ್ಟವಾಗಬಾರದು

2022ರ ಜನವರಿಯಲ್ಲಿ ಬೆಂಗಳೂರಿನಲ್ಲಿ ವಾರಾಂತ್ಯದ ಕರ್ಫ್ಯೂ ಜಾರಿಯಲ್ಲಿತ್ತು. ಓಮೈಕ್ರಾನ್ ಅಲೆ ಏರುತ್ತ ಹೋಗಿ ರಾಜ್ಯದ ಹೊಸ ಪ್ರಕರಣಗಳು ಒಂದು ಹಂತದಲ್ಲಿ ದಿನಕ್ಕೆ 50 ಸಾವಿರ ದಾಟಿದವು. ಅದೇ ದಿನಗಳಲ್ಲಿ ವೈಟ್‌ಫೀಲ್ಡ್‌ನ ಪಂಚತಾರಾ ಹೋಟೆಲೊಂದರ ಸಭಾಂಗಣದಲ್ಲಿ ಪ್ರೊ ಕಬಡ್ಡಿಯ ಎಂಟನೇ ಆವೃತ್ತಿ ನಡೆಯುತ್ತಿತ್ತು. ಹನ್ನೆರಡು ತಂಡಗಳಿಗೆ ವಾಸ, ಊಟ, ಆಟ ಎಲ್ಲವೂ ಒಂದೇ ಸೂರಿನಡಿ. ಪ್ರೇಕ್ಷಕರಿಗೆ ಪ್ರವೇಶವಿಲ್ಲ, ಒಳಗೆ ಬರುವ ಮುನ್ನ ಕ್ವಾರಂಟೈನ್, ಬಂದ ಮೇಲೂ ಪರೀಕ್ಷೆ. ಇಷ್ಟೆಲ್ಲ ಬಿಗಿ ಇದ್ದರೂ ಜನವರಿಯ ಕೊನೆಯ ವಾರದ ಹೊತ್ತಿಗೆ ಎರಡು ತಂಡಗಳು 12 ಆಟಗಾರರನ್ನು ಒಟ್ಟುಗೂಡಿಸಲಾಗದ ಸ್ಥಿತಿಗೆ ಬಂದವು. ವೇಳಾಪಟ್ಟಿಯನ್ನು ಕೆಲವು ದಿನಗಳ ಮಟ್ಟಿಗೆ ಕುಗ್ಗಿಸಬೇಕಾಯಿತು. ಆಮೇಲೆ ಟೂರ್ನಿ ಚೇತರಿಸಿಕೊಂಡು ಫೆಬ್ರುವರಿ 25ರಂದು ಮುಗಿಯಿತು. ಫೈನಲ್‌ನಲ್ಲಿ ದಬಾಂಗ್ ಡೆಲ್ಲಿ 37–36ರಿಂದ ಪಟ್ನಾ ಪೈರೇಟ್ಸ್ ತಂಡವನ್ನು ಸೋಲಿಸಿತು.

ಈ ಪ್ರಸಂಗವನ್ನು ಬಯೋಬಬಲ್ಲಿನ, ಅಂದರೆ ಹೊರಗಿನ ಸಂಪರ್ಕ ಕಡಿದು ಎಲ್ಲರನ್ನೂ ಒಂದೆಡೆ ಇರಿಸುವ ಈ ಏರ್ಪಾಡಿನ, ಸೋಲೆಂದು ಹೇಳುವವರೂ ಇದ್ದಾರೆ, ಟೂರ್ನಿ ಮುಗಿಯಿತಲ್ಲ, ಅದೇ ಗೆಲುವು ಎನ್ನುವವರೂ ಇದ್ದಾರೆ. ಇಬ್ಬರ ಕಣ್ಣೂ ಪರೀಕ್ಷೆಯ ವರದಿಯ ಮೇಲೇ ಇದೆ. ಎಷ್ಟು ಮಂದಿಗೆ, ಎಷ್ಟು ದಿನಕ್ಕೊಮ್ಮೆ, ಯಾವ ಕಿಟ್‌ನಲ್ಲಿ ಎಂಬ ಲೆಕ್ಕ. ಮೈಗೆ ಮೈ ತಾಗುವ ಆಟಗಳಲ್ಲಿ ಪರೀಕ್ಷೆ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಅದರ ಮೇಲೆ ನಾವು ಹೊರಿಸಿದ ಭಾರವನ್ನು ಅದು ಹೊರಲಾರದು. ಆಟಗಾರ ಅಂಗಳದ ಹೊರಗೆ ಕಳೆಯುವ ಹೊತ್ತಿನ ಗಾಳಿ ಹೇಗಿದೆ, ಮೈ ಬಿಸಿಯಾದ ದಿನವೇ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗಿದೆಯೇ ಎಂಬ ಎರಡು ಸಂಗತಿಗಳೇ ಹೆಚ್ಚು ತೂಕದವು. ಮುಂದಿನ ಸಾಂಕ್ರಾಮಿಕಕ್ಕೆ ಸಿದ್ಧತೆ ಎಂದು ಕ್ರೀಡಾ ಸಂಸ್ಥೆಗಳು ಏನಾದರೂ ಬರೆದಿಡುವುದಾದರೆ ಅಲ್ಲಿಂದ ಶುರುಮಾಡಬೇಕು.

ಮೊದಲು ಪರೀಕ್ಷೆಯ ಮಿತಿ. ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2020ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಆರ್‌ಟಿ-ಪಿಸಿಆರ್ ಎಷ್ಟು ಬಾರಿ ಸೋಂಕನ್ನು ಕಾಣದೆ ಹೋಗುತ್ತದೆ ಎಂದು ಅಂದಾಜಿಸಿದರು. ಸೋಂಕು ತಗುಲಿದ ಮೊದಲ ದಿನ ಪರೀಕ್ಷೆ ಮಾಡಿದರೆ ಅದು ಕಾಣುವುದೇ ಇಲ್ಲ. ನಾಲ್ಕನೇ ದಿನ, ಅಂದರೆ ಲಕ್ಷಣ ಶುರುವಾಗುವ ಹಿಂದಿನ ದಿನವೂ ನೂರರಲ್ಲಿ 67 ಸಲ ತಪ್ಪುತ್ತದೆ. ಲಕ್ಷಣ ಕಾಣಿಸಿದ ದಿನ 38 ಸಲ. ಅತ್ಯುತ್ತಮ ಎನ್ನಬಹುದಾದ ಎಂಟನೇ ದಿನವೂ ಐದರಲ್ಲಿ ಒಂದು ಕೈತಪ್ಪುತ್ತದೆ. ಸೋಂಕು ಹೆಚ್ಚು ಹರಡುವುದು ಲಕ್ಷಣ ಕಾಣುವ ಆಸುಪಾಸಿನ ದಿನಗಳಲ್ಲೇ. ಹಾಗಾಗಿ ಪಂದ್ಯದ ಹಿಂದಿನ ಸಂಜೆ ಬಂದ ‘ನೆಗೆಟಿವ್’ ವರದಿಯನ್ನು ಹಿಡಿದು ಹೊರಡುವ ತಂಡದ ಮ್ಯಾನೇಜರ್, ಹೋದ ವಾರದ ಹವಾಮಾನ ವರದಿ ಓದಿ ಕೊಡೆಯನ್ನು ಮನೆಯಲ್ಲೇ ಬಿಟ್ಟು ಹೋದವನ ಹಾಗೆ.

ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2020ರ ಆಗಸ್ಟ್‌ನಲ್ಲಿ ಪುರುಷರ ಹಾಕಿ ತಂಡದ ಆಟಗಾರರು ರಜೆ ಮುಗಿಸಿ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರಕ್ಕೆ ಮರಳಿದರು. ಬಂದ ಕೂಡಲೇ ನಡೆದ ರ‍್ಯಾಪಿಡ್ ಪರೀಕ್ಷೆಯಲ್ಲಿ ಎಲ್ಲರದೂ ನೆಗೆಟಿವ್. ನಾಯಕ ಮನ್‌ಪ್ರೀತ್ ಸಿಂಗ್ ಮತ್ತು ಸುರೇಂದರ್ ಕುಮಾರ್ ಅವರಲ್ಲಿ ಕೆಲವು ಲಕ್ಷಣ ಕಂಡ ಮೇಲೆ ಜೊತೆಗೆ ಪ್ರಯಾಣಿಸಿದವರೆಲ್ಲರಿಗೂ ಆರ್‌ಟಿ-ಪಿಸಿಆರ್ ಮಾಡಿಸಿದರು. ಕೊನೆಗೆ ಆರು ಮಂದಿಗೆ ಸೋಂಕು ಖಚಿತವಾಯಿತು. ಕೇಂದ್ರದಲ್ಲಿ ಮೊದಲೇ ಇದ್ದವರಿಗೆ ಅದು ಹಬ್ಬದಂತೆ ತಡೆದದ್ದು ಬಾಗಿಲಲ್ಲಿ ಮಾಡಿದ ಪರೀಕ್ಷೆಯಲ್ಲ. ವರದಿ ಏನೇ ಬರಲಿ, ಬಂದವರನ್ನು ಪ್ರತ್ಯೇಕವಾಗಿ ಇರಿಸಬೇಕೆಂಬ ನಿಯಮ, ಮತ್ತು ಲಕ್ಷಣ ಗೊತ್ತಾದ ಕೂಡಲೇ ಮತ್ತೆ ಪರೀಕ್ಷಿಸಿದ ಎಚ್ಚರ. ನೆಗೆಟಿವ್ ಬಂತೆಂದು ಅಂದು ಸಂಜೆಯೇ ಅಭ್ಯಾಸಕ್ಕೆ ಬಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು.

ಈಗ ಎಲ್ಲರೂ ಎತ್ತುವ ಪ್ರಶ್ನೆಗೆ ಬರೋಣ. ಒಬ್ಬರನ್ನೊಬ್ಬರು ತಬ್ಬಿ ಕೆಡವುವ ಆಟದಲ್ಲಿ ಬಸ್ಸಿನೊಳಗೆ ಮಾಸ್ಕ್ ಹಾಕಿಸಿ ಏನು ಪ್ರಯೋಜನ? ಕೇಳುವುದಕ್ಕೆ ಗಟ್ಟಿ ವಾದವೇ. ಆದರೆ ಇಂಗ್ಲೆಂಡಿನ ರಗ್ಬಿ ಲೀಗ್‌ನಲ್ಲಿ ನಡೆದ ಅಧ್ಯಯನವೊಂದು ಅದನ್ನು ಸಡಿಲಗೊಳಿಸುತ್ತದೆ. ಸೂಪರ್ ಲೀಗ್‌ನ ನಾಲ್ಕು ಪಂದ್ಯಗಳಲ್ಲಿ ಆಡಿದ್ದ ಎಂಟು ಮಂದಿಗೆ ಆಗ ಸೋಂಕಿತ್ತೆಂದು ಆಮೇಲೆ ತಿಳಿಯಿತು. ಪಂದ್ಯದ ವಿಡಿಯೊ, ಆಟಗಾರರ ಮೈಮೇಲಿದ್ದ ಜಿಪಿಎಸ್ ಸಾಧನದ ಮಾಹಿತಿ ಎರಡನ್ನೂ ಕೂಡಿಸಿ ಯಾರು ಯಾರನ್ನು ಎಷ್ಟು ಸಲ ಟ್ಯಾಕಲ್ ಮಾಡಿದರು, ಎಷ್ಟು ಹೊತ್ತು ಹತ್ತಿರವಿದ್ದರು ಎಂದು ಲೆಕ್ಕ ಹಾಕಿದರು. ಹೆಚ್ಚು ಅಪಾಯದ ಸಂಪರ್ಕವೆಂದು ಗುರುತಿಸಿದ 28 ಮಂದಿಯಲ್ಲಿ ಮುಂದಿನ 14 ದಿನಗಳಲ್ಲಿ ಸೋಂಕು ಕಂಡದ್ದು ಒಬ್ಬರಲ್ಲಿ. ಹಾಗೆ ಗುರುತಿಸದ ಐವರಲ್ಲೂ ಕಂಡಿತು. ಆ ಆರೂ ಪ್ರಕರಣಗಳ ಮೂಲ ಬಹುಪಾಲು ಕ್ಲಬ್ಬಿನೊಳಗೋ ಹೊರಗಿನ ಒಡನಾಟದಲ್ಲೋ ಇತ್ತೆಂಬುದು ಸಂಶೋಧಕರ ನಿರ್ಣಯ. ಬಯಲಿನಲ್ಲಿ ಸೆಕೆಂಡುಗಳ ಲೆಕ್ಕದ ಹಿಡಿತಕ್ಕಿಂತ ಮುಚ್ಚಿದ ಕೋಣೆಯ ಹರಟೆ ಹೆಚ್ಚು ಅಪಾಯಕಾರಿಯಾಗಿರಬಹುದು.

ಹಾಗೆಂದು ಹಿಡಿತ ನಿರಪಾಯ ಎಂದು ಹೇಳಹೊರಟರೆ ಮೋಸವಾಗುತ್ತದೆ. 2020ರ ಜೂನ್‌ನಲ್ಲಿ ಅಮೆರಿಕದ ಟ್ಯಾಂಪಾ ಬೇ ಪ್ರದೇಶದಲ್ಲಿ ಹವ್ಯಾಸಿಗಳು ಒಳಾಂಗಣದಲ್ಲಿ ಒಂದೇ ಒಂದು ಐಸ್ ಹಾಕಿ ಪಂದ್ಯ ಆಡಿದರು. 22 ಆಟಗಾರರಲ್ಲಿ 14 ಮಂದಿ ಐದು ದಿನದೊಳಗೆ ಕಾಯಿಲೆ ಬಿದ್ದರು, ಜೊತೆಗೆ ಕ್ರೀಡಾಂಗಣದ ಒಬ್ಬ ಸಿಬ್ಬಂದಿ. ಮೂಲವೆಂದು ಶಂಕಿಸಲಾದ ಆಟಗಾರನಿಗೆ ಆಡುವಾಗ ಯಾವ ಲಕ್ಷಣವೂ ಇರಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಫ್ಲಾರಿಡಾದ ಪ್ರೌಢಶಾಲಾ ಕುಸ್ತಿ ಟೂರ್ನಿಗಳಲ್ಲಿ ಭಾಗವಹಿಸಿದ 130 ಜನರಲ್ಲಿ 54 ಮಂದಿ ಮಾತ್ರ ಪರೀಕ್ಷೆ ಮಾಡಿಸಿಕೊಂಡರು. ಅವರಲ್ಲಿ 38 ಮಂದಿಗೆ ಸೋಂಕು. ಅವರ ಸಂಪರ್ಕಕ್ಕೆ ಬಂದ ಇನ್ನೂ 41 ಮಂದಿಗೆ ಅದು ದಾಟಿತು, ಒಬ್ಬರು ಪ್ರಾಣ ಕಳೆದುಕೊಂಡರು. ತೀರಿಕೊಂಡವರು ಕುಸ್ತಿಪಟು ಅಲ್ಲ, ಸಂಪರ್ಕಕ್ಕೆ ಬಂದಿದ್ದ ಐವತ್ತು ದಾಟಿದ ವ್ಯಕ್ತಿ. ‘ಆಡುವವರು ಯುವಕರು, ಗಟ್ಟಿಮುಟ್ಟಾದವರು, ಎರಡು ದಿನ ಜ್ವರ ಬಂದು ಹೋಗುತ್ತದೆ’ ಎನ್ನುವವರು ಈ ಒಂದು ಸಾವಿನ ಮುಂದೆ ನಿಂತು ಉತ್ತರ ಹೇಳಬೇಕು. ಪಟ್ಟು ಹಾಕುವ ಹುಡುಗ ಸಂಜೆ ಮನೆಗೆ ಹೋಗುತ್ತಾನೆ, ಅಲ್ಲಿ ಅಜ್ಜಿ ಇರುತ್ತಾಳೆ.

ರಗ್ಬಿಗೂ ಈ ಎರಡಕ್ಕೂ ಇರುವ ವ್ಯತ್ಯಾಸದಲ್ಲಿ ಎದ್ದು ಕಾಣುವುದು ಛಾವಣಿ. ಕಬಡ್ಡಿಯ ಮಟ್ಟಿಗೆ ಇದು ಚಿಂತೆಯ ವಿಷಯವೇ. ನಮ್ಮ ಕಬಡ್ಡಿ ಮಣ್ಣಿನ ಬಯಲಿನಿಂದ ಒಳಾಂಗಣದ ಮ್ಯಾಟಿನ ಮೇಲೆ ಏರಿದೆ, ಮತ್ತೆ ಇಳಿಯುವ ಹಾಗಿಲ್ಲ. 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಗಳದಲ್ಲಿ ರೇಡರ್ 30 ಸೆಕೆಂಡ್‌ಗಳ ತನಕ ‘ಕಬಡ್ಡಿ ಕಬಡ್ಡಿ’ ಎಂದು ಉಸಿರು ಬಿಡುತ್ತಲೇ ಇರಬೇಕು, ಎದುರಿಗೆ ಏಳು ಮಂದಿ. ದನಿ ಏರಿದಷ್ಟೂ ಬಾಯಿಯಿಂದ ಹೊರಬೀಳುವ ಸೂಕ್ಷ್ಮ ಹನಿಗಳು ಹೆಚ್ಚುತ್ತವೆ ಎಂಬುದು ಕೋವಿಡ್‌ಗೆ ಮೊದಲೇ ಪ್ರಯೋಗಗಳಲ್ಲಿ ಕಂಡ ಸತ್ಯ. ವೈರಾಣುವಿಗೆ ಅನುಕೂಲವಾಗಲೆಂದೇ ಯಾರೋ ಕೂತು ರೂಪಿಸಿದ ಆಟದಂತಿದೆ! ಕುಸ್ತಿಯ ಗರಡಿ ಮನೆಯ ಪಾಡೂ ಇದಕ್ಕಿಂತ ಉತ್ತಮವೇನಲ್ಲ. ತಗ್ಗಿದ ಬಾಗಿಲು, ಕಿರಿದಾದ ಕಿಂಡಿ, ಒಳಗೆ ಏದುಸಿರು ಬಿಡುವ ಹತ್ತಾರು ಪೈಲ್ವಾನರು. ಸಾಂಕ್ರಾಮಿಕದ ತಿಂಗಳುಗಳಲ್ಲಿ ಅಭ್ಯಾಸವನ್ನು ಬಯಲಿಗೆ ತರುವುದು, ತರಲಾಗದ ಕಡೆ ಬಾಗಿಲು ಕಿಟಕಿ ತೆರೆದು ಗಾಳಿ ಹೊರಹಾಕುವ ಫ್ಯಾನ್ ಕೂಡಿಸುವುದು, ಒಮ್ಮೆಗೆ ನಾಲ್ಕೈದು ಜೋಡಿಯನ್ನಷ್ಟೇ ಬಿಡುವುದು, ಜೋಡಿಯನ್ನು ವಾರಗಟ್ಟಲೆ ಬದಲಿಸದಿರುವುದು ಇವಕ್ಕೆಲ್ಲ ಪ್ರಯೋಗಾಲಯ ಬೇಕಿಲ್ಲ.

ಹಣವಿದ್ದವರು ಏನು ಮಾಡಿದರು ಎಂಬುದಕ್ಕೆ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಸಾಕ್ಷಿ. 2020ರ ಆಗಸ್ಟ್‌ನಿಂದ ನವೆಂಬರ್‌ವರೆಗೆ ಸುಮಾರು 11,400 ಆಟಗಾರರು ಮತ್ತು ಸಿಬ್ಬಂದಿಗೆ ಅದು ಸುಮಾರು 6 ಲಕ್ಷ 23 ಸಾವಿರ ಪರೀಕ್ಷೆ ನಡೆಸಿತು. 329 ಪಾಸಿಟಿವ್ ಬಂದವು. ಇಷ್ಟು ಪರೀಕ್ಷೆಯ ನಡುವೆಯೂ ಸೆಪ್ಟೆಂಬರ್ ಕೊನೆಯಲ್ಲಿ ಒಂದು ತಂಡದೊಳಗೆ ಸೋಂಕು ಸ್ಫೋಟಿಸಿತು. ಹದಿನೈದು ನಿಮಿಷ ಕೂಡ ಹತ್ತಿರವಿರದಿದ್ದವರಿಗೂ ತಗುಲಿತ್ತು. ಆಗ ಲೀಗ್ ಮಾಡಿದ ಕೆಲಸ ಗಮನಾರ್ಹ. ಬರೀ ಅಂತರ ಮತ್ತು ನಿಮಿಷಗಳನ್ನು ಎಣಿಸುವುದನ್ನು ಬಿಟ್ಟು, ಮಾಸ್ಕ್ ಇತ್ತೇ, ಕೋಣೆಗೆ ಗಾಳಿ ಇತ್ತೇ ಎಂಬುದನ್ನೂ ಸಂಪರ್ಕದ ಲೆಕ್ಕಕ್ಕೆ ಸೇರಿಸಿತು. ಸಭೆಗಳನ್ನು ಆನ್‌ಲೈನ್‌ಗೆ ಅಥವಾ ಬಯಲಿಗೆ ತಂದಿತು, ಒಟ್ಟಿಗೆ ಕೂತು ಉಣ್ಣುವುದನ್ನು ನಿಲ್ಲಿಸಿತು. ನಿಗದಿಯಾಗಿದ್ದ 256 ಲೀಗ್ ಪಂದ್ಯಗಳೂ ನಡೆದವು. ಅಷ್ಟು ಪರೀಕ್ಷೆ ನಮ್ಮ ಜಿಲ್ಲಾ ಟೂರ್ನಿಗೆ ಕನಸಿನ ಮಾತು, ನಿಜ. ಆದರೆ ಲೀಗ್ ಆಮೇಲೆ ಕಲಿತದ್ದರಲ್ಲಿ ಬಹುಪಾಲು ದುಡ್ಡಿಲ್ಲದೆ ಆಗುವಂಥದ್ದು.

ಉಳಿದದ್ದು ಎಲ್ಲಕ್ಕಿಂತ ಕಷ್ಟದ ಭಾಗ, ಆಟಗಾರನ ಬಾಯಿ. ಕರಾವಳಿಯ ಹೊನಲು ಬೆಳಕಿನ ಕಬಡ್ಡಿಯಿಂದ ಹಿಡಿದು ಹಳ್ಳಿಯ ಜಾತ್ರೆಯ ಕುಸ್ತಿವರೆಗೆ ಆಡಿದರೆ ಮಾತ್ರ ಕೈಗೆ ಕಾಸು. ಆಯ್ಕೆ ಶಿಬಿರದಲ್ಲಿ ಒಂದು ದಿನ ತಪ್ಪಿದರೆ ಒಂದು ವರ್ಷ ಹೋಯಿತು, ಅದರ ಜೊತೆ ಕ್ರೀಡಾ ಕೋಟಾದ ನೌಕರಿಯ ಆಸೆಯೂ ಹೋಯಿತು. ಇಂಥವನಿಗೆ ಗಂಟಲು ಕೆರೆದರೆ ಪ್ಯಾರಾಸಿಟಮಾಲ್ ನುಂಗಿ ಮ್ಯಾಟಿಗೆ ಇಳಿಯದೆ ಬೇರೆ ದಾರಿ ಏನಿದೆ? ಬಾಗಿಲಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರನ್ನು ಆ ಮಾತ್ರೆ ಸುಲಭವಾಗಿ ದಾಟಿಸುತ್ತದೆ. ಅವನ ಅಪ್ರಾಮಾಣಿಕತೆಯನ್ನು ಬಯ್ಯುವ ಮೊದಲು ನಿಯಮ ಅವನಿಂದ ಏನನ್ನು ಕೇಳುತ್ತಿದೆ ಎಂದು ನೋಡಬೇಕು. ಟೋಕಿಯೊ ಒಲಿಂಪಿಕ್ಸ್ ಈ ವಿಷಯದಲ್ಲಿ ಒಳ್ಳೆಯ ಮಾದರಿ ಹಾಕಿಕೊಟ್ಟಿತು. ಸೋಂಕಿನಿಂದ ಹಿಂದೆ ಸರಿದವರನ್ನು ಅನರ್ಹರೆಂದು ಕರೆಯದೆ, ಸ್ಪರ್ಧಿಸಲಿಲ್ಲ ಎಂದಷ್ಟೇ ದಾಖಲಿಸುವುದು, ಅಲ್ಲಿಯತನಕ ಗಳಿಸಿದ ಕನಿಷ್ಠ ಫಲಿತಾಂಶವನ್ನು ಕಾಯುವುದು ಅಲ್ಲಿನ ನಿಯಮವಾಗಿತ್ತು. ಸೋಂಕಿತರ ನಿಕಟ ಸಂಪರ್ಕಕ್ಕೆ ಬಂದವರಿಗೂ ಸ್ಪರ್ಧೆಗೆ ಆರು ಗಂಟೆಯೊಳಗಿನ ಪಿಸಿಆರ್ ನೆಗೆಟಿವ್ ಬಂದರೆ ಅವಕಾಶವಿತ್ತು. ಹೇಳಿಕೊಂಡವನು ಪೂರ್ತಿ ಕಳೆದುಕೊಳ್ಳುವುದಿಲ್ಲ ಎಂಬ ಭರವಸೆ ಅದು.

ಜ್ವರ ಹೇಳಿಕೊಂಡವನ ಸಂಭಾವನೆ, ಸ್ಥಾನ ಎರಡನ್ನೂ ನಮ್ಮಲ್ಲೂ ಕಾಯಬೇಕು ಎಂದರೆ ಎರಡು ಆಕ್ಷೇಪಗಳು ಬರುತ್ತವೆ. ಲಕ್ಷಣವೇ ಇಲ್ಲದವನು ಏನು ಹೇಳಿಕೊಳ್ಳುತ್ತಾನೆ? ಟ್ಯಾಂಪಾದಲ್ಲಿ ಆದದ್ದು ಅದೇ ತಾನೆ? ಒಪ್ಪಬೇಕಾದ ಮಾತು. ಅಂಥವರನ್ನು ಹಿಡಿಯಲು ಪದೇ ಪದೇ ಮಾಡುವ ಪರೀಕ್ಷೆ ಬೇಕು, ಅದರ ಕಣ್ಣು ತಪ್ಪಿಸಿದವರಿಂದ ಉಳಿಸಲು ಗಾಳಿ ಬೇಕು. ಆದರೆ ಲಕ್ಷಣವಿದ್ದೂ ಬಚ್ಚಿಟ್ಟವನನ್ನು ತಡೆಯುವ ಕೆಲಸ ಎಲ್ಲಕ್ಕಿಂತ ಅಗ್ಗ, ಅದನ್ನೇ ಬಿಟ್ಟು ಉಳಿದದ್ದಕ್ಕೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ಹುಸಿ ಜ್ವರ ಹೇಳಿ ದುಡ್ಡು ಹೊಡೆಯುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಆಡಲೆಂದೇ ಬದುಕುವ ಹುಡುಗರ ಬಗ್ಗೆ ಇಷ್ಟು ಸಂಶಯ ಬೇಡ. ಬೇಕಿದ್ದರೆ ವೈದ್ಯರ ಚೀಟಿ ಕೇಳಲಿ. ಇನ್ನು ಎಲ್ಲವನ್ನೂ ರದ್ದು ಮಾಡುವ ದಾರಿಯನ್ನು 2020ರಲ್ಲಿ ನೋಡಿದ್ದೇವೆ. ಆ ವರ್ಷ ಪ್ರೊ ಕಬಡ್ಡಿ ನಡೆಯಲಿಲ್ಲ. ಮೊದಲ ಅಲೆಯ ಅಜ್ಞಾನದಲ್ಲಿ ಅದು ಸರಿಯಿತ್ತು, ಪ್ರತಿ ಅಲೆಗೂ ಅದೇ ಉತ್ತರವಾದರೆ ಆಟವನ್ನೇ ನಂಬಿದವರು ಬೇರೆ ಕೂಲಿ ಹುಡುಕಿಕೊಂಡು ಹೋಗುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ನಿಯಮ ಬರೆಯಲು ಇದೇ ಒಳ್ಳೆಯ ಹೊತ್ತು, ಏಕೆಂದರೆ ಅಲೆ ಎದ್ದಾಗ ಬರೆಯುವ ನಿಯಮದಲ್ಲಿ ಭಯವೇ ಹೆಚ್ಚಿರುತ್ತದೆ. ಕಬಡ್ಡಿ ಮತ್ತು ಕುಸ್ತಿ ಸಂಘಗಳು ತಮ್ಮ ನಿಯಮ ಪುಸ್ತಕಕ್ಕೆ ಈ ವರ್ಷವೇ ಒಂದು ವಾಕ್ಯ ಸೇರಿಸಲಿ: ಜ್ವರವೆಂದು ತಾನಾಗಿ ಹೇಳಿ ಹಿಂದೆ ಸರಿದ ಆಟಗಾರನ ಪಂದ್ಯದ ಸಂಭಾವನೆಯನ್ನು ಕಡಿತ ಮಾಡತಕ್ಕದ್ದಲ್ಲ, ತಂಡದಲ್ಲಿನ ಅವನ ಸ್ಥಾನವನ್ನು ಬೇರೊಬ್ಬರಿಗೆ ಕಾಯಂ ಆಗಿ ಕೊಡತಕ್ಕದ್ದಲ್ಲ.